ಹಾಜರಿ ಪುಸ್ತಕದ ದೈ ತಿಂಗಳು

ನಮ್ಮ ಓಣಿಯ ಸವಿತಾಗೆ ಕಾರ್ಮಿಕ ಇಲಾಖೆಯಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿದೆ. ಪೇಡೆ ಕೊಡಲು ಬಂದವಳು, "ಕಾಕಾ, ನೀವು ಮೂವತ್ತು ವರ್ಷ ಅದೇ ಇಲಾಖಾದಾಗ ಇದ್ರಿ, ಕೆಲಸ ಹ್ಯಾಂಗಿರ್ತದಂತ ಸ್ವಲ್ಪ ಬರದು ಕೊಡ್ರಿ" ಎಂದಳು. ಬರೆಯುತ್ತಿದ್ದೇನೆ. ನನ್ನ ಬಡ್ತಿಗಳ ಕಥೆ ಇಲ್ಲಿ ಬರುವುದಿಲ್ಲ. ಅವು ಬರುವ ಹೊತ್ತಿಗೆ ಇನ್ನೊಬ್ಬರಿಗೆ ಮೊದಲೇ ಬಂದಿರುತ್ತಿದ್ದವು, ಆದ್ದರಿಂದ ಬಂದಾಗಲೂ ಖುಷಿಯಾಗಲಿಲ್ಲ. ಇದನ್ನು ಓದುವವರು ಒಂದು ಸಂಗತಿ ಮೊದಲೇ ತಿಳಿದಿರಲಿ. ನಾನು ಹೊಟ್ಟೆಕಿಚ್ಚಿನ ಮನುಷ್ಯ. ಸುಳ್ಳು ಹೇಳಿ ದೊಡ್ಡವನೆನಿಸಿಕೊಳ್ಳುವ ವಯಸ್ಸು ದಾಟಿದ್ದೇನೆ.

ನಾನು ಓದಿದ್ದು ನಿಜಾಮರ ಕಾಲದ ಉರ್ದು ಶಾಲೆಯಲ್ಲಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು, ಔರಾದ ಕಡೆಯ ಬೀಗರ ಜೊತೆ ಮರಾಠಿ. ಕೆಲಸಕ್ಕೆ ಸೇರಿದಾಗ ಬೀದರ ಇನ್ನೂ ಹೈದರಾಬಾದಿನ ಕೆಳಗಿತ್ತು. ಕಡತವೆಲ್ಲ ಉರ್ದುವಿನಲ್ಲಿ, ನನ್ನ ಉರ್ದು ಅಕ್ಷರ ಮುತ್ತಿನಂತೆ ಎಂದು ಹೆಸರಾಗಿತ್ತು. ಆಮೇಲೆ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಕಚೇರಿಯ ಬೋರ್ಡು ಬದಲಾಯಿತು, ಗೋಡೆಗೆ ಸುಣ್ಣ ಮಾತ್ರ ಬಳಿಯಲಿಲ್ಲ. ಇನ್ನು ಮೇಲೆ ಕನ್ನಡದಲ್ಲಿ ಬರೆಯಿರಿ ಎಂಬ ಅಪ್ಪಣೆ ಬಂತು.

ನನ್ನ ಮೊದಲ ಕನ್ನಡ ನೋಟಿಸು ಈಗಲೂ ನೆನಪಿದೆ. ಯಂತ್ರ ತಿರುಗಿಸುವ ಪಟ್ಟಾಕ್ಕೆ ಕೈ ಸಿಗದಂತೆ ತಡೆ ಕಟ್ಟಿಸಬೇಕೆಂದು ಒಬ್ಬ ಬೇಳೆ ಗಿರಣಿಯ ಮಾಲೀಕನಿಗೆ ಬರೆಯಬೇಕಾಗಿತ್ತು. ಎರಡು ದಿನ ಕೂತು ಬರೆದೆ. ನಮ್ಮ ಇನ್ಸ್‌ಪೆಕ್ಟರ್ ಸಾಹೇಬರು ಕಲಬುರಗಿಯವರು, ಒಳ್ಳೆಯ ಮನುಷ್ಯ, ಆದರೆ ನಗು ತಡೆಯಲಾರರು. ಓದಿ, ಕನ್ನಡಕ ತೆಗೆದು, ಹೊಟ್ಟೆ ಹಿಡಿದುಕೊಂಡು ನಕ್ಕರು. "ವೀರಶೆಟ್ಟಿ, ಇದು ಕನ್ನಡ ಅಕ್ಷರದಾಗ ಬರದ ಉರ್ದು ಅದಪಾ. ಮಾಲಕನ ಕೈಯಾಗ ಕೊಟ್ರ ತರ್ಜುಮಾ ಮಾಡ್ಲಾಕ ನಿನ್ನನ್ನೇ ಕರೀತಾನ" ಎಂದರು. ಇಡೀ ಕಚೇರಿ ನಕ್ಕಿತು. ನಾನೂ ನಕ್ಕೆ. ಆ ದಿನ ಮನೆಗೆ ಹೋಗಿ ಊಟ ಮಾಡಲಿಲ್ಲ.

ಅದಾದ ತಿಂಗಳಿಗೆ ಸದಾಶಿವ ರಾವ್ ಬಂದರು. ಕೈಯಲ್ಲಿ ತಗಡಿನ ಪೆಟ್ಟಿಗೆ, ಕಂಕುಳಲ್ಲಿ ಛತ್ರಿ. ಅವರು ಮಂಗಳೂರು ಕಡೆಯವರು, ಹಿಂದೆ ಮದರಾಸು ಸರ್ಕಾರದ ಕಂದಾಯ ಕಚೇರಿಯಲ್ಲಿದ್ದವರು. ನಮಗೆ ತುಂಗಭದ್ರೆಯ ಆಚೆಯವರೆಲ್ಲ ಮೈಸೂರಿನವರೇ. ರಾಯರು ನನ್ನ ವಯಸ್ಸಿನವರೇ, ಆದರೆ ಬರೆದ ಪತ್ರ ತಿದ್ದುವ ಹಾಗಿಲ್ಲ, ಹೊಡೆದು ಹಾಕಿದ ಒಂದು ಗೆರೆ ಇಲ್ಲ. ಸಾಹೇಬರು ಅವರ ಪತ್ರಗಳನ್ನು ಗಟ್ಟಿಯಾಗಿ ಓದಿಸುತ್ತಿದ್ದರು, ಅದೂ ನನ್ನ ಕೈಯಿಂದ.

ನನ್ನ ಹೊಟ್ಟೆ ಉರಿಯತೊಡಗಿತು. ಅವರು ಜೋಳದ ರೊಟ್ಟಿ ಮುರಿಯಲು ಒದ್ದಾಡಿದರೆ ನನಗೆ ಸಮಾಧಾನ. ಎಂಟು ದಿನದಲ್ಲಿ ಅದನ್ನೂ ಕಲಿತು, "ಇದರ ಜೊತೆ ಹಿಂಡಿಪಲ್ಯ ಭಾರೀ ಲಾಯ್ಕಾಗ್ತದೆ ಮಾರಾಯ್ರೆ" ಎಂದಾಗ ಆ ಸಮಾಧಾನವೂ ಹೋಯಿತು. ಹೋಗಲಿ, ಉರ್ದು ಒಂದು ನನ್ನದೇ ಎಂದುಕೊಂಡಿದ್ದೆ. ಹಳೆಯ ಕಡತ ಬಿಚ್ಚಿದರೆ ಎಲ್ಲರೂ ನನ್ನ ಮೇಜಿಗೇ ಬರಬೇಕಿತ್ತು. ರಾಯರು ದಿನಾ ಬೆಳಿಗ್ಗೆ ಚೌಬಾರಾದ ಹತ್ತಿರದ ಒಬ್ಬ ಮೌಲ್ವಿಗಳ ಮನೆಗೆ ಹೋಗಿ ಉರ್ದು ಕಲಿಯಲು ಶುರು ಮಾಡಿದರು. ಆರು ತಿಂಗಳಲ್ಲಿ ಓದತೊಡಗಿದರು. ಇವರಿಗೆ ಇನ್ನೇನು ಬೇಕಾಗಿದೆ, ನನ್ನ ಕುರ್ಚಿಯನ್ನೂ ಎತ್ತಿಕೊಂಡು ಹೋಗಲಿ ಎಂದು ಹೆಂಡತಿಯ ಮುಂದೆ ಕೂಗಾಡಿದೆ. ಅವಳು, "ಅವ್ರು ಕಲ್ತ್ರ ನಿಮಗ ಮರತು ಹೋಗ್ತದೇನ್ರಿ?" ಎಂದು ಕೇಳಿ ಒಳಗೆ ಹೋದಳು.

ಕೆಲಸದ ರೀತಿಯ ಬಗ್ಗೆಯೂ ಹೇಳಬೇಕಲ್ಲ. ಗಿರಣಿ ತಪಾಸಣೆಗೆ ಹೋದಾಗ ಮುಂಬಾಗಿಲಿನಿಂದ ಹೋಗಬೇಡಿ. ಅಲ್ಲಿ ಚಹಾ ಕೊಡುತ್ತಾರೆ, ನೀವು ಚಹಾ ಕುಡಿಯುವಷ್ಟರಲ್ಲಿ ಒಳಗೆ ಮುಚ್ಚಬೇಕಾದ್ದನ್ನೆಲ್ಲ ಮುಚ್ಚಿರುತ್ತಾರೆ. ಕೆಲಸ ಮಾಡಿಸುವ ಮುಕಾದಮನ ಎದುರು ಕೂಲಿಯವರನ್ನು ಏನೂ ಕೇಳಬೇಡಿ. ನೀರಿನ ಹೌದಿನ ಹತ್ತಿರ ಹೆಣ್ಣುಮಕ್ಕಳು ಕೈ ತೊಳೆಯುವಾಗ ಕೇಳಿ, ನಿಜ ಸಿಗುತ್ತದೆ. ಇದನ್ನು ರಾಯರಿಗೆ ಕಲಿಸಿದವನು ನಾನು. ಮುಂದೊಂದು ದಿನ ಸಾಹೇಬರು, "ಹೌದಿನ ಹತ್ರ ಕೇಳಬೇಕನ್ನೋದು ರಾಯರ ಭಾರೀ ಯುಕ್ತಿ" ಎಂದು ಹೊಗಳಿದರು. ರಾಯರು ಕೂಡಲೇ, "ಅದು ವೀರಶೆಟ್ಟಿಯವರದ್ದು" ಎಂದರು. ಸಾಹೇಬರು ಆಗಲೇ ಬೇರೆ ಕಡತ ತೆರೆದಿದ್ದರು. ನನಗೆ ಇಬ್ಬರ ಮೇಲೂ ಸಿಟ್ಟು ಬಂತು.

ಈಗ ಮಾಣಿಕನ ವಿಷಯಕ್ಕೆ ಬರುತ್ತೇನೆ. ಇಷ್ಟೆಲ್ಲ ಬರೆದದ್ದು ಅದಕ್ಕಾಗಿಯೇ.

ಮಾಣಿಕ ಔರಾದ ತಾಲೂಕಿನ ಡಾಬಕಾದವನು. ಮುಂಗಾರು ಬೆಳೆಯ ಸುಗ್ಗಿ ಮುಗಿದ ಮೇಲೆ ಹೆಂಡತಿ ಗೌರಾಬಾಯಿಯ ಜೊತೆ ಭಾಲ್ಕಿಗೆ ಹೋಗಿ, ಹತ್ತಿಯಿಂದ ಬೀಜ ಬಿಡಿಸುವ ಒಂದು ಗಿರಣಿಯಲ್ಲಿ ದುಡಿಯುತ್ತಿದ್ದ. ಒಂದು ದೀಪಾವಳಿ ಮುಗಿದು ಹದಿನೈದು ದಿನಕ್ಕೆ ಅವನ ಬಲಗೈ ಯಂತ್ರಕ್ಕೆ ಸಿಕ್ಕಿತು. ಹೆಬ್ಬೆರಳು ಉಳಿಯಿತು, ಉಳಿದ ನಾಲ್ಕೂ ಹೋದವು. ಗಿರಣಿಯವರು ಮೂರು ದಿನ ಆಸ್ಪತ್ರೆಗೆ ಕಳಿಸಿ, ನಾಲ್ಕನೆಯ ದಿನ ಇವನು ಯಾರೋ ಗೊತ್ತಿಲ್ಲ ಎಂದರು. ಮಾಣಿಕ ನಮ್ಮ ಕಚೇರಿಗೆ ಬಂದ. ಕೆಲಸದಲ್ಲಿ ಪೆಟ್ಟಾದವರಿಗೆ ಮಾಲೀಕ ಪರಿಹಾರ ಕೊಡಬೇಕೆಂಬ ಕಾನೂನು ಆಗಲೂ ಇತ್ತು. ನಾವು ಅರ್ಜಿ ಬರೆದುಕೊಟ್ಟೆವು. ತಿಂಗಳಿಗೊಮ್ಮೆ ಬೀದರಕ್ಕೆ ಬರುವ ಪರಿಹಾರ ಆಯುಕ್ತರು ಗಿರಣಿಯ ಹಾಜರಿ ಪುಸ್ತಕ ತರಿಸಿದರು. ಪುಸ್ತಕ ಉರ್ದುವಿನಲ್ಲಿತ್ತು. ಆಯುಕ್ತರು ಬೆಂಗಳೂರಿನವರು, ಅವರಿಗೆ ಉರ್ದು ಬಾರದು. ಕನ್ನಡಕ್ಕೆ ಇಳಿಸಿಕೊಡಿ ಎಂದು ನಮ್ಮ ಕಚೇರಿಗೆ ಕಳಿಸಿದರು.

ಆ ಕೆಲಸ ನನ್ನದು. ನಾನು ಕೈ ಚಾಚುವ ಮೊದಲೇ ಸಾಹೇಬರು, "ರಾಯರು ಮಾಡ್ಲಿ, ಉರ್ದು ಕಲ್ತಾರ, ಕನ್ನಡನೂ ಛಲೋ ಬರೀತಾರ" ಎಂದು ಪುಸ್ತಕವನ್ನು ಆ ಕಡೆ ಸರಿಸಿದರು. ಪುಸ್ತಕ ನನ್ನ ಮೇಜಿನ ಮೇಲಿಂದಲೇ ದಾಟಿ ಹೋಯಿತು.

ಇಲ್ಲಿ ಒಂದು ಸಣ್ಣ ವಿಷಯ ತಿಳಿಸಬೇಕು. ನಿಜಾಮರ ರಾಜ್ಯದಲ್ಲಿ ಬೆಳೆ ಮತ್ತು ಕಂದಾಯದ ಲೆಕ್ಕದ ಫಸಲಿ ವರ್ಷ ನಡೆಯುತ್ತಿತ್ತು. ತಿಂಗಳುಗಳಿಗೆ ಪಾರಸಿ ಹೆಸರು. ಮೊದಲನೆಯದು ಆಜೂರ್, ಅದು ಅಕ್ಟೋಬರಿಗೆ ಶುರು. ಎರಡನೆಯದು ದೈ, ಅಂದರೆ ನವೆಂಬರ್. ಸರ್ಕಾರ ಬಿಟ್ಟರೂ ಗಿರಣಿಗಳಲ್ಲಿ ಲೆಕ್ಕ ಬರೆಯುವ ಹಳೆಯ ಮುನ್ಷಿಗಳು ಬಿಟ್ಟಿರಲಿಲ್ಲ. ಮದರಾಸಿನ ಕಂದಾಯ ಕಚೇರಿಗಳಲ್ಲೂ ಫಸಲಿ ವರ್ಷವೇ ಇತ್ತು, ಆದರೆ ಅದು ಶುರುವಾಗುವುದು ಜುಲೈಯಲ್ಲಿ. ರಾಯರು ಬೆಳೆದದ್ದು ಆ ಲೆಕ್ಕದಲ್ಲಿ. ಫಸಲಿ ಎಂದರೆ ಎಲ್ಲ ಕಡೆಯೂ ಒಂದೇ ಎಂದುಕೊಂಡು, ಆಜೂರ್ ಜುಲೈ, ದೈ ಆಗಸ್ಟ್ ಎಂದು ಬರೆದರು. ಪುಸ್ತಕದಲ್ಲಿ ಮಾಣಿಕನ ಹಾಜರಿ ದೈ ತಿಂಗಳ ನಡುವೆ ನಿಂತಿತ್ತು, ಕೈ ಹೋದ ದಿನಕ್ಕೆ ಸರಿಯಾಗಿ. ರಾಯರ ಅನುವಾದದಲ್ಲಿ ಅದು ಆಗಸ್ಟಿನ ನಡುವೆ ನಿಂತಿತು. ಅಂದರೆ ದೀಪಾವಳಿಗೆ ಎರಡು ತಿಂಗಳು ಮೊದಲೇ ಅವನು ಕೆಲಸ ಬಿಟ್ಟಿದ್ದ ಎಂದಾಯಿತು.

ರಾಯರು ಅನುವಾದವನ್ನು ಸಾಹೇಬರಿಗೆ ಕೊಡುವ ಮುನ್ನ ನನ್ನ ಹತ್ತಿರ ತಂದರು. "ಒಮ್ಮೆ ನೋಡ್ತೀರಾ? ಸರಿ ಉಂಟಾ ಹೇಳಿ. ನನ್ನದು ಹೊಸ ಉರ್ದು" ಎಂದರು.

ನೋಡಿದೆ. ಮೊದಲನೆಯ ಸಾಲಿನಲ್ಲೇ ತಪ್ಪು ಕಂಡಿತು. ನನಗಾದ ಸಂತೋಷವನ್ನು ಹೇಗೆ ಹೇಳಲಿ? ಎರಡು ವರ್ಷದಿಂದ ಇದಕ್ಕಾಗಿಯೇ ಕಾಯುತ್ತಿದ್ದೆನೇನೋ ಎನಿಸಿತು. ಆಯುಕ್ತರ ಮುಂದೆ ಗಿರಣಿಯ ಮುನ್ಷಿಯೇ ಎದ್ದು ಇದು ತಪ್ಪು ಎನ್ನುತ್ತಾನೆ, ರಾಯರ ಮುಖ ಸಣ್ಣದಾಗುತ್ತದೆ, ಸಾಹೇಬರು ನನ್ನ ಕಡೆ ತಿರುಗುತ್ತಾರೆ. ಇಷ್ಟೂ ಕಣ್ಣ ಮುಂದೆ ಬಂತು. ಆ ಚಿತ್ರದಲ್ಲಿ ಮಾಣಿಕ ಎಲ್ಲೂ ಇರಲಿಲ್ಲ.

"ನಿಮ್ಮ ಅಕ್ಷರ ಭಾಳ ಚಂದ ಅದಾವರಿ ರಾಯರ" ಎಂದೆ.

ಅವರು ನಕ್ಕು ಕಾಗದ ತೆಗೆದುಕೊಂಡು ಹೋದರು. ಅವರು ಕೇಳಿದ್ದು ಅಕ್ಷರದ ಬಗ್ಗೆ ಅಲ್ಲ.

ನಾನು ಎಣಿಸಿದಂತೆ ಏನೂ ಆಗಲಿಲ್ಲ. ಗಿರಣಿಯವರು ಮುನ್ಷಿಯನ್ನು ಕರೆತರಲೇ ಇಲ್ಲ. ಅವರ ವಕೀಲರು ನಮ್ಮದೇ ಅನುವಾದವನ್ನು ಎತ್ತಿ ಹಿಡಿದು, ಸರ್ಕಾರಿ ಕಚೇರಿಯೇ ಹೇಳುತ್ತಿದೆ, ಈ ಮನುಷ್ಯ ಆಗಸ್ಟಿನಲ್ಲೇ ಬಿಟ್ಟು ಹೋದವನು ಎಂದರು. ಅರ್ಜಿ ವಜಾ ಆಯಿತು. ರಾಯರು ಆ ದಿನ ರಜೆಯ ಮೇಲೆ ಊರಿಗೆ ಹೋಗಿದ್ದರು, ತಂಗಿಯ ಮದುವೆ. ಆದೇಶದ ಕಾಗದ ಹಿಡಿದು ಮಾಣಿಕ ಮತ್ತು ಗೌರಾಬಾಯಿ ಬಂದಾಗ ಕಚೇರಿಯಲ್ಲಿ ಓದಿ ಹೇಳುವವನು ನಾನೊಬ್ಬನೇ.

ಓದಿ ಹೇಳಿದೆ. ಮಾಣಿಕ ಬಲಗೈಯನ್ನು ಟವೆಲಿನಲ್ಲಿ ಸುತ್ತಿಕೊಂಡು ಕಟ್ಟೆಯ ಮೇಲೆ ಕೂತಿದ್ದ. ಅವನು ಬಹಳ ಮಾತಿನವನಲ್ಲ.

"ಅಂದ್ರ ನಾ ಸುಳ್ಳ ಹೇಳೀನಿ ಅಂತ ಬರದಾರೇನ್ರಿ ಸಾಹೇಬ್ರ?" ಎಂದ.

ನಾನು ಆದೇಶದ ಕಾಗದ ಮಡಚಿ ಅವನ ಎಡಗೈಗೆ ಕೊಟ್ಟೆ.

ಗೌರಾಬಾಯಿ ಮುಂದೆ ಬಂದಳು. "ಊರಾಗ ಆಗಲೇ ಅನ್ಲಾಕತ್ಯಾರ್ರಿ, ಎಲ್ಲೋ ಕಳ್ಳತನ ಮಾಡ್ಲಾಕ ಹೋಗಿ ಕೈ ಕಳಕೊಂಡಾನ, ಗಿರಣಿ ಹೆಸರ ಹೇಳ್ತಾನ ಅಂತ. ಈಗ ಸರ್ಕಾರನೇ ಬರದು ಕೊಟ್ಟಂಗಾಯ್ತು. ಪರಿಹಾರ ಬರ್ಲಿಲ್ಲಂದ್ರ ಒಪ್ಪತ್ತು ಉಂಡು ಇರ್ತೇವ್ರಿ. ಕಳ್ಳ ಅನ್ನಿಸ್ಕೊಂಡು ಡಾಬಕಾದಾಗ ಹ್ಯಾಂಗ ಇರ್ಲಿ?" ಎಂದಳು. ಆಮೇಲೆ ನನ್ನನ್ನೇ ನೋಡುತ್ತ, "ಒಂದು ಮಾತು ಕೇಳ್ತೇನ್ರಿ. ಶ್ರಾವಣದಾಗ ಹತ್ತಿ ಎಲ್ಲಿರ್ತದ್ರಿ? ಗಿಡ ಇನ್ನಾ ಗೇಣುದ್ದ ಇರ್ತದ. ಗಿರಣಿಗಿ ಕೀಲಿ ಬಿದ್ದಿರ್ತದ. ಇವರ ಬೆರಳ ಯಾವ ಹತ್ತ್ಯಾಗ ಸಿಕ್ಕುವ್ರಿ?" ಎಂದು ಕೇಳಿದಳು.

ಆಯುಕ್ತರಿಗೆ, ವಕೀಲರಿಗೆ, ರಾಯರಿಗೆ ಹೊಳೆಯದ ಮಾತು. ನನಗೆ ಹೊಳೆಯುವ ಅಗತ್ಯವೇ ಇರಲಿಲ್ಲ, ಗೊತ್ತಿತ್ತು. ಎಂಟು ದಿನ ಬಿಟ್ಟು ಬನ್ನಿರಿ ಎಂದು ಹೇಳಿ ಕಳಿಸಿದೆ.

ಮರುದಿನ ರೈಲು ಹಿಡಿದು ಭಾಲ್ಕಿಗೆ ಹೋದೆ. ಗಿರಣಿಯ ಮುನ್ಷಿ ಕರೀಮ್‌ಸಾಬರು, ಬಿಳಿ ಗಡ್ಡ, ದಪ್ಪ ಕನ್ನಡಕ. ವಿಷಯ ಕೇಳಿ ಅವರಿಗೆ ಮೊದಲು ಅರ್ಥವೇ ಆಗಲಿಲ್ಲ. "ದೈ ಅಂದ್ರ ಆಗಸ್ಟ್? ಕೌನ್ ಬೋಲ್ಯಾ ಜೀ?" ಎಂದರು. ಆಮೇಲೆ ತಮ್ಮ ಬರಹವನ್ನು ಯಾರೋ ಹಾಗೆ ಓದಿದರಲ್ಲ ಎಂಬ ಅವಮಾನಕ್ಕೇ ಸಿಟ್ಟಾದರು. ಹಿಂದಿನ ಫಸಲಿ ವರ್ಷದ ಪುಸ್ತಕ ತೆಗೆದು ಆ ಮಳೆಗಾಲದ ಹಾಳೆಗಳನ್ನು ತೋರಿಸಿದರು. ಒಂದೊಂದರ ಮೇಲೂ ಅಡ್ಡಲಾಗಿ ಒಂದೇ ಪದವಿತ್ತು, ಬಂದ್.

"ಮಾಲಕರು ಸಿಟ್ಟಾಗಂಗಿಲ್ಲೇನ್ರಿ?" ಎಂದೆ.

"ಆಗ್ಲಿ. ನಾ ಬರದಿದ್ದು ನಾ ಓದ್ಲಾಕ ಯಾರ ಅಪ್ಪಣಿ ಬೇಕರಿ? ಆ ಹುಡುಗನ ಕೈ ಹೋದ ದಿನ ನೀರು ಕುಡಿಸಿದಾವ ನಾನೇ. ಕರದ್ರ ಬರ್ತೇನಿ" ಎಂದರು.

ಇಷ್ಟು ಮಾಡಿದ್ದು ಪಶ್ಚಾತ್ತಾಪದಿಂದ ಎಂದು ಬರೆದರೆ ಓದುವವರಿಗೆ ಹಿತವಾಗುತ್ತದೆ. ಅರ್ಧ ಮಾತ್ರ ನಿಜ. ಮರುಪರಿಶೀಲನೆಯ ಅರ್ಜಿ ಬರೆಯಲು ಕೂತಾಗ ಹಳೆಯ ಉರಿ ಮತ್ತೆ ಎದ್ದಿತು. ಮಾಣಿಕನಿಗೂ ನ್ಯಾಯ ಸಿಗಲಿ, ರಾಯರಿಗೂ ಬುದ್ಧಿ ಬರಲಿ, ಎರಡೂ ಒಂದೇ ಅರ್ಜಿಯಲ್ಲಿ ಆಗಲಿ ಎಂದುಕೊಂಡೆ. ನನಗೆ ಬಂದ ಕನ್ನಡದಲ್ಲಿ, "ಅನುವಾದಕರ ಅಜ್ಞಾನದಿಂದ ಈ ಪ್ರಮಾದವಾಗಿದೆ" ಎಂಬ ಸಾಲನ್ನು ನಾಲ್ಕು ಸಲ ಹೊಡೆದು ನಾಲ್ಕು ಸಲ ಬರೆದೆ. ರಾಯರ ಹೆಸರು ಹಾಕಲು ಮಾತ್ರ ಧೈರ್ಯ ಬರಲಿಲ್ಲ. ಕರಡನ್ನು ಮೇಜಿನ ಮೇಲೆ ಬಿಟ್ಟು ಮನೆಗೆ ಹೋದೆ. ಮರೆತು ಬಿಟ್ಟೆನೋ ಬೇಕೆಂದು ಬಿಟ್ಟೆನೋ ಈಗ ಹೇಳಲಾರೆ.

ಬೆಳಿಗ್ಗೆ ಬಂದಾಗ ರಾಯರು ಊರಿನಿಂದ ಬಂದಿದ್ದರು. ನನ್ನ ಮೇಜಿನ ಮೇಲೆ ಕರಡಿನ ಪಕ್ಕ ಚೊಕ್ಕ ಪ್ರತಿಯೊಂದಿತ್ತು, ಅವರ ಅಕ್ಷರದಲ್ಲಿ. ನನ್ನ ಒಡಕು ಕನ್ನಡವನ್ನೆಲ್ಲ ನೇರ ಮಾಡಿದ್ದರು. ಆ ಒಂದು ಸಾಲು ಬೇರೆಯಾಗಿತ್ತು: "ಅನುವಾದಕ ಸದಾಶಿವ ರಾವ್ ಇವರ ತಪ್ಪಿನಿಂದ ಈ ಪ್ರಮಾದವಾಗಿದೆ."

"ಹೆಸರು ಹಾಕದಿದ್ದರೆ ಆಯುಕ್ತರು ಕಡತ ಬಿಚ್ಚಲಿಕ್ಕಿಲ್ಲ ಮಾರಾಯ್ರೆ. ಯಾರೋ ಒಬ್ಬ ಒಪ್ಪಿಕೊಳ್ಳಬೇಕಲ್ಲ" ಎಂದರು. ಅವರ ಕಣ್ಣುಗಳು ಕೆಂಪಾಗಿದ್ದವು. ಎರಡು ದಿನದ ರೈಲು ಪ್ರಯಾಣದಿಂದಲೋ, ಬೇರೆಯದರಿಂದಲೋ ನಾನು ಕೇಳಲಿಲ್ಲ. ನಾನು ಹೊಡೆಯಲು ಎತ್ತಿದ ಕೋಲನ್ನು ಅವರೇ ನಯ ಮಾಡಿ ಕೈಗೆ ಕೊಟ್ಟಂತಾಯಿತು. ಆಗಲೂ ನನಗೆ ಮೊದಲು ಬಂದ ಯೋಚನೆ, ಈ ಅರ್ಜಿಯೂ ಅವರ ಅಕ್ಷರದಲ್ಲೇ ಹೋಗುತ್ತದಲ್ಲ ಎಂಬುದು.

ವಿಚಾರಣೆಯ ದಿನ ಕರೀಮ್‌ಸಾಬರು ಇಸ್ತ್ರಿ ಮಾಡಿದ ಶೇರ್ವಾನಿ ಹಾಕಿಕೊಂಡು ಬಂದರು. ಎರಡೂ ಪುಸ್ತಕ ತೆರೆದು ಓದಿದರು. ಮಳೆಗಾಲದ ಬಂದ್ ಹಾಳೆ, ಆಜೂರ್, ದೈ. ಗಿರಣಿಯ ವಕೀಲರು ಎರಡು ಸಲ ಎದ್ದು ಎರಡು ಸಲ ಕೂತರು. ಆಯುಕ್ತರು ನಮ್ಮ ಕಚೇರಿಯ ಕಡೆ ತಿರುಗಿದರು.

"ಸದಾಶಿವ ರಾವ್ ಅಂದ್ರೆ ಯಾರು?"

ರಾಯರು ಎದ್ದು ನಿಂತರು. "ನಾನು ಸ್ವಾಮಿ. ನಮ್ಮ ಕಡೆಯ ಫಸಲಿ ಲೆಕ್ಕವನ್ನು ಇಲ್ಲಿಗೆ ಹಾಕಿದೆ. ತಪ್ಪು ನನ್ನದು. ಕಂಡುಹಿಡಿದವರು ವೀರಶೆಟ್ಟಿಯವರು."

"ಬಡವನ ಅನ್ನದ ಪ್ರಶ್ನೆ ಇದು, ಗೊತ್ತೇನ್ರಿ? ಕಚೇರಿಯಿಂದ ಹೊರಗೆ ಹೋಗೋ ಮುಂಚೆ ಈ ಅನುವಾದಾನ ಉರ್ದು ಗೊತ್ತಿರೋ ಯಾರಿಗಾದರೂ ತೋರಿಸಿದ್ರಾ, ಇಲ್ವಾ?"

ನಾನು ಅವರಿಂದ ಎರಡು ಮೊಳ ದೂರದಲ್ಲಿ ಕೂತಿದ್ದೆ. ಒಂದು ಹೆಸರು ಹೇಳಿದ್ದರೆ ಸಾಕಿತ್ತು, ಅರ್ಧ ಭಾರ ನನ್ನ ತಲೆಯ ಮೇಲೆ ಬರುತ್ತಿತ್ತು. ಅದು ನ್ಯಾಯವೂ ಆಗಿತ್ತು. ರಾಯರು ನನ್ನ ಕಡೆ ತಿರುಗಲೇ ಇಲ್ಲ.

"ಇಲ್ಲ ಸ್ವಾಮಿ. ಯಾರಿಗೂ ತೋರಿಸಲಿಲ್ಲ" ಎಂದರು.

ಅವರ ಸೇವಾ ಪುಸ್ತಕದಲ್ಲಿ ಎಚ್ಚರಿಕೆಯ ಒಂದು ಸಾಲು ಬಿತ್ತು. ನನ್ನ ಪುಸ್ತಕದಲ್ಲಿ ಮೆಚ್ಚುಗೆಯ ಒಂದು ಸಾಲು. ಮಾಣಿಕನಿಗೆ ಪರಿಹಾರ ಸಿಕ್ಕಿತು. ಆ ಆದೇಶದ ಪ್ರತಿಯನ್ನು ಗೌರಾಬಾಯಿ ಎದೆಗೆ ಒತ್ತಿಕೊಂಡು, "ಇದನ್ನ ಊರ ಚಾವಡ್ಯಾಗ ಓದಿಸ್ತೇನಿ" ಎಂದಳು. ಹೊರಗೆ ಬೇವಿನ ಮರದ ಕೆಳಗೆ ಗಂಡ ಹೆಂಡತಿ ಇಬ್ಬರೂ ನನ್ನ ಕಾಲಿಗೆ ಬಿದ್ದರು. "ನೀವು ಇರ್ಲಿಲ್ಲಂದ್ರ ನಾವು ಕಳ್ಳರಾಗಿ ಸಾಯ್ತಿದ್ದಿವ್ರಿ" ಎಂದ ಮಾಣಿಕ. ಸ್ವಲ್ಪ ದೂರದಲ್ಲಿ ರಾಯರು ಛತ್ರಿ ಬಿಚ್ಚಲು ಹೆಣಗುತ್ತಿದ್ದರು. ಬಿಸಿಲೂ ಇರಲಿಲ್ಲ, ಮಳೆಯೂ ಇರಲಿಲ್ಲ. ನಾನು ಅವರಿಬ್ಬರನ್ನು ತಡೆದು ನಿಜ ಹೇಳಬಹುದಿತ್ತು. ಹೇಳಲಿಲ್ಲ, ನಮಸ್ಕಾರ ತೆಗೆದುಕೊಂಡೆ.

ಸವಿತಾ, ಇಲಾಖೆಯಲ್ಲಿ ನಿನಗಿಂತ ಚೆನ್ನಾಗಿ ಬರೆಯುವವರು ಸಿಗುತ್ತಾರೆ, ನಿನಗಿಂತ ಬೇಗ ಮೇಲೆ ಹೋಗುವವರು ಸಿಗುತ್ತಾರೆ. ಹೊಟ್ಟೆ ಉರಿಯುತ್ತದೆ, ಉರಿಯಲಿ, ಅದನ್ನು ಆರಿಸುವ ಔಷಧ ನನಗೂ ಸಿಕ್ಕಿಲ್ಲ. ಆದರೆ ಕಾಗದ ಸರಿ ಇದೆಯಾ ಎಂದು ಯಾರಾದರೂ ಕೇಳಿದರೆ ಅಕ್ಷರ ಚಂದವಿದೆ ಎಂದು ಹೇಳಬೇಡ.

ರಾಯರು ಆಮೇಲೆ ಮೂರು ವರ್ಷ ಬೀದರದಲ್ಲಿದ್ದರು. ಅವರ ಕನ್ನಡದ ಮೇಲೆ, ಅಕ್ಷರದ ಮೇಲೆ ನನಗಿದ್ದ ಅಸೂಯೆ ಎಂದೋ ಹೋಗಿದೆ. ಆ ದಿನ ಎದ್ದು ನಿಂತು ಅವರು ಹೇಳಿದ ಆ ಒಂದು ಸುಳ್ಳಿನ ಮೇಲಿನ ಅಸೂಯೆ ಇಂದಿಗೂ ಹೋಗಿಲ್ಲ. ಅಂಥ ಮಾತು ನನ್ನ ಬಾಯಿಂದ ಯಾರ ಸಲುವಾಗಿಯೂ ಬರಲಿಲ್ಲ. ರಾಯರು ವರ್ಗವಾಗಿ ಹೋಗುವ ದಿನದವರೆಗೂ ಉರ್ದುವಿನಿಂದ ಇಳಿಸಿದ ಪ್ರತಿಯೊಂದು ಕಾಗದವನ್ನೂ ಮೊದಲು ನನ್ನ ಮೇಜಿಗೇ ತಂದಿಟ್ಟು, "ಒಮ್ಮೆ ನೋಡ್ತೀರಾ? ಸರಿ ಉಂಟಾ ಹೇಳಿ" ಎನ್ನುತ್ತಿದ್ದರು.